ಹಳೆಯ ಬೇಸಾಯದ ಮನೆ ಹೇಳುವ ಚರಿತ್ರೆ

ಚರಿತ್ರೆ ಎಂದೊಡನೆ ನಮಗೆ ಕೋಟೆ, ಅರಮನೆಗಳು ನೆನಪಾಗುತ್ತವೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಹಳ್ಳಿಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೆಯ ಬೇಸಾಯದ ಮನೆಗಳೂ ದಾಖಲೆಗಳೇ. ಓದಲು ಮಾತ್ರ ತಿಳಿದಿರಬೇಕು.

ಮೊದಲು ಮಾಡನ್ನು ನೋಡಿ. ಸೂರು ಎಷ್ಟು ತಗ್ಗೆಂದರೆ ತಲೆ ಬಾಗಿಸದೆ ಒಳಹೋಗಲಾಗದು. ಹಿರಿಯರಿಗೆ ವಿನಯ ಕಲಿಸಲು ಹಾಗೆ ಕಟ್ಟಿದರೆಂದು ಕೆಲವರು ಹೇಳುವುದುಂಟು. ನನಗೆ ಮಳೆಯೇ ಸಾಕಾದ ಕಾರಣವೆನಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೊಡನೆ ಬಡಿಯುವ ಮಳೆಗೆ ಮಣ್ಣಿನ ಗೋಡೆ ಕರಗದಿರಬೇಕಾದರೆ ಸೂರು ಇಳಿದಿರಲೇಬೇಕು. ಗೋಡೆಯ ಬುಡಕ್ಕೆ ಮುರಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಈ ಕಲ್ಲು ಊರಲ್ಲೇ ಸಿಗುತ್ತಿತ್ತು. ಕಂಬ, ತೊಲೆಗಳಿಗೆ ಹಲಸಿನ ಮರ.

ಒಂದು ಹೆಂಚನ್ನು ತೆಗೆದು ತಿರುಗಿಸಿ ನೋಡಿದರೆ ಕಾರ್ಖಾನೆಯ ಹೆಸರಿನ ಅಚ್ಚು ಕಾಣುತ್ತದೆ. ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಮನೆ ಅದಕ್ಕಿಂತ ಹಳೆಯದಾಗಿದ್ದರೆ, ಅದರ ಮೊದಲ ಮಾಡು ಮುಳಿಹುಲ್ಲಿನದೋ ನಾಡಹೆಂಚಿನದೋ ಆಗಿತ್ತೆಂದು ತಿಳಿಯಬೇಕು.

ಇನ್ನು ಅಂಗಳ, ಜಗಲಿ, ಚಾವಡಿ. ಇಲ್ಲಿಯೇ ನಿಜವಾದ ಚರಿತ್ರೆಯಿದೆ. ಅಂಗಳದಲ್ಲಿ ಭತ್ತ ಬಡಿದು, ಅಡಿಕೆ ಒಣಗಿಸುತ್ತಿದ್ದರು. ಚಾವಡಿಯಲ್ಲಿ ಯಜಮಾನರು ಕುಳಿತು ಲೆಕ್ಕ ನೋಡುತ್ತಿದ್ದರು. ಗೇಣಿಯ ಅಕ್ಕಿಮುಡಿ ಹೊತ್ತು ತಂದ ಒಕ್ಕಲು ಯಾವ ಮೆಟ್ಟಿಲಿನವರೆಗೆ ಬರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು, ಹೆಂಗಸರು ಯಾವ ಬಾಗಿಲಿನಿಂದ ಓಡಾಡಬೇಕು ಎಂಬುದನ್ನೆಲ್ಲ ಕಟ್ಟಡವೇ ನಿರ್ಧರಿಸಿತ್ತು. ಚಾವಡಿಯ ಕೆತ್ತನೆಯ ಕಂಬವನ್ನು ಮೆಚ್ಚುವಾಗ ಆ ಮೆಟ್ಟಿಲುಗಳನ್ನೂ ಎಣಿಸಿರಿ. ಅಂದ ಮಾತ್ರ ನೋಡಿ ಬರುವವರು ಅರ್ಧ ಮನೆಯನ್ನಷ್ಟೇ ಕಂಡಿರುತ್ತಾರೆ.

ಹಿತ್ತಿಲ ಕಡೆಗೆ ಕೊಟ್ಟಿಗೆ, ಬಚ್ಚಲು, ಬಾವಿ. ಅಡುಗೆಮನೆಯ ಹೊಗೆ ಅಟ್ಟಕ್ಕೇರಿ ಅಲ್ಲಿಟ್ಟ ಸಾಮಾನನ್ನು ಹುಳ ಹಿಡಿಯದಂತೆ ಕಾಯುತ್ತಿತ್ತು.

1961ರ ಕರ್ನಾಟಕ ಭೂಸುಧಾರಣಾ ಕಾಯಿದೆಗೆ ತಂದ ದೊಡ್ಡ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿದಾರರು ಭೂಮಿಯ ಒಡೆಯರಾದರು. ಅದು ಆಗಲೇಬೇಕಾಗಿದ್ದ ನ್ಯಾಯ. ಆದರೆ ಗೇಣಿ ಅಕ್ಕಿ ಬಾರದ ಮೇಲೆ ದೊಡ್ಡ ಕಣಜಗಳು ಬರಿದಾದವು. ಕುಟುಂಬಗಳು ಪಾಲಾದವು, ಮಕ್ಕಳು ಮುಂಬಯಿಗೋ ಗಲ್ಫಿಗೋ ಹೊರಟರು. ವರ್ಷವರ್ಷ ಹೆಂಚು ಕೈಯಾಡಿಸಲು ಆಳು ಸಿಗದೆ ಪಕ್ಕಾಸುಗಳು ಕುಂಬಾದವು. ಈಗ ಅಂಥ ಮನೆಗಳ ಬಾಗಿಲು, ಕಂಬಗಳು ಹಳೆ ಮರದ ವ್ಯಾಪಾರಿಗಳ ಮೂಲಕ ರೆಸಾರ್ಟುಗಳನ್ನು ಸೇರುತ್ತಿವೆ.

ನಿಮ್ಮ ಊರಿನಲ್ಲಿ ಅಂಥದ್ದೊಂದು ಮನೆ ಕೆಡಹುವ ಸುದ್ದಿ ಕೇಳಿದರೆ, ಟೇಪು, ಕಾಗದ ಹಿಡಿದು ಹೋಗಿ ನಕ್ಷೆ ಬರೆದುಕೊಳ್ಳಿ. ಯಾವ ಕೋಣೆಗೆ ಏನು ಹೆಸರೆಂದು ಆ ಮನೆಯ ಅಜ್ಜಿಯನ್ನು ಕೇಳಿ. ಅಲ್ಲಿ ಒಕ್ಕಲಾಗಿದ್ದವರ ಮನೆಗೂ ಹೋಗಿ ಅದನ್ನೇ ಕೇಳಿ.