ಗುದ್ದಲಿಗೆ ಮುನ್ನ ನಕ್ಷೆ

ಪಶ್ಚಿಮ ಬೆಂಗಳೂರಿನ ಕುರುಬರಹಳ್ಳಿಯಲ್ಲಿ ಹಳ್ಳಿ ಉಳಿದಿರುವುದು ಹೆಸರಿನಲ್ಲಿ ಮಾತ್ರ. ನೀರಿನ ಕೊಳವೆ, ಒಳಚರಂಡಿ, ಕೇಬಲ್‌ಗಳು ರಸ್ತೆಯಡಿಯ ನೆಲವನ್ನು ಹಂಚಿಕೊಂಡಿವೆ. ಮೇಲೆ ನಿಂತು ಅಗೆಯುವ ಜೆಸಿಬಿ ಚಾಲಕನಿಗೆ ಇವು ಕಾಣುವುದಿಲ್ಲ. ಎಲ್ಲಿ ಏನಿದೆ ಎಂದು ಬಲ್ಲವರು ಯಾರು?

ಕೆರೆಗಳ ಕಾಲದಲ್ಲಿ ತೂಬು, ಕಾಲುವೆಗಳ ಲೆಕ್ಕವೆಲ್ಲ ನೀರಗಂಟಿಯ ಬಾಯಲ್ಲಿತ್ತು. 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ನಗರದ ನೀರಿನ ಮೂಲಗಳಾದವು. 1905ರಲ್ಲಿ ವಿದ್ಯುತ್ ದೀಪ ಬಂತು. 1964ರಲ್ಲಿ ಜಲಮಂಡಳಿ ಹುಟ್ಟಿತು. ವಿದ್ಯುತ್, ದೂರವಾಣಿಗೆ ಬೇರೆ ಬೇರೆ ಸಂಸ್ಥೆಗಳು. ನೆಲ ಒಂದೇ ಆದರೂ ನಕ್ಷೆಗಳು ಹಲವಾದವು. ಮೇಲಿಂದ ಮೇಲೆ ಡಾಂಬರು ಹಾಕಿ ರಸ್ತೆ ಎತ್ತರವಾದಾಗ ಕಾಗದದ ಮೇಲಿನ ಆಳವೂ ಸುಳ್ಳಾಗುತ್ತದೆ. ಆಗ ಹಳೆಯ ವಾಲ್ವ್‌ಮನ್‌ನ ನೆನಪೇ ನಕ್ಷೆ. ಆತ ನಿವೃತ್ತನಾದರೆ ಅದೂ ಇಲ್ಲ.

ಇದರ ಬೆಲೆ ತೆರುವವರು ಕೂಲಿಕಾರರು ಮತ್ತು ನಿವಾಸಿಗಳು. ಕೇಬಲ್‌ಗೆ ಹಾರೆ ತಗುಲಿದರೆ ಪ್ರಾಣವೇ ಹೋಗಬಹುದು. ಒಡೆದ ನೀರಿನ ಕೊಳವೆಯಲ್ಲಿ ಸರಬರಾಜು ನಿಂತಾಗ ಒತ್ತಡ ಇಳಿದು, ಪಕ್ಕದ ಚರಂಡಿಯ ಕೊಳಕು ಒಳಸೇರುತ್ತದೆ. ಅಡುಗೆ ಅನಿಲದ ಕೊಳವೆಗಳು ಬಂದ ಮೇಲೆ ಅಪಾಯ ಇನ್ನೂ ಹೆಚ್ಚಿದೆ. 2023ರ ಮಾರ್ಚ್‌ನಲ್ಲಿ ಎಚ್‌ಎಸ್‌ಆರ್ ಬಡಾವಣೆ ಬಳಿ ಅಗೆತದ ವೇಳೆ ಅನಿಲ ಕೊಳವೆಗೆ ಧಕ್ಕೆಯಾಗಿ ಸ್ಫೋಟ ಸಂಭವಿಸಿತು, ಜನ ಗಾಯಗೊಂಡರು. ಬೆಲ್ಜಿಯಂನ ಗಿಲೆಂಗಿಯೆನ್‌ನಲ್ಲಿ ಕಾಮಗಾರಿಯಿಂದ ಪೆಟ್ಟು ತಿಂದಿದ್ದ ಅನಿಲ ಕೊಳವೆ 2004ರಲ್ಲಿ ಸಿಡಿದು 24 ಮಂದಿ ಸತ್ತರು. ಕೊಳವೆಗೆ ಬಿದ್ದ ಪೆಟ್ಟು ಅಂದೇ ಕಾಣಬೇಕೆಂದಿಲ್ಲ.

ಪರಿಹಾರ ಕಷ್ಟದ್ದಲ್ಲ. ಮೊದಲು ಎಲ್ಲ ಸಂಸ್ಥೆಗಳ ನಕ್ಷೆ ಒಟ್ಟುಗೂಡಿಸಬೇಕು. ವಿದ್ಯುತ್ಕಾಂತೀಯ ಶೋಧಕ ಕೇಬಲ್ ಮತ್ತು ಲೋಹದ ಕೊಳವೆಗಳನ್ನು ಪತ್ತೆ ಹಚ್ಚುತ್ತದೆ. ಪ್ಲಾಸ್ಟಿಕ್ ಕೊಳವೆ ಅದಕ್ಕೆ ನೇರವಾಗಿ ಸಿಗುವುದಿಲ್ಲ. ಭೂಶೋಧಕ ರೇಡಾರ್ ಬೇಕಾಗುತ್ತದೆ. ಒದ್ದೆ ಜೇಡಿಮಣ್ಣಿನಲ್ಲಿ ರೇಡಾರ್ ಕೂಡ ಮಂಕಾಗುತ್ತದೆ. ಆದ್ದರಿಂದ ಕೊನೆಯ ಸಾಕ್ಷಿ, ಕೈಯಿಂದ ಎಚ್ಚರಿಕೆಯಲ್ಲಿ ತೋಡಿದ ಪರೀಕ್ಷಾ ಗುಂಡಿಯೇ. ಸಿಕ್ಕ ಕೊಳವೆಗೆ ಆಸರೆ ಕೊಟ್ಟು, ಗುರುತು ಹಾಕಿದ ಮೇಲಷ್ಟೇ ಯಂತ್ರ ಇಳಿಯಬೇಕು.

ಅಗೆಯುವವರು ಕೊಳವೆ, ಕೇಬಲ್‌ಗಳ ಒಡೆಯರಿಗೆ ಮುಂಚಿತವಾಗಿ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಿಡುಗಡೆ ಮಾಡಿತು. ಎಚ್‌ಎಸ್‌ಆರ್ ಬಡಾವಣೆಯ ಸ್ಫೋಟವೂ ಅದೇ ತಿಂಗಳಿನದು. ನಗರದ ಟೆಂಡರ್ ಶ್ಯೂರ್ ರಸ್ತೆಗಳಲ್ಲಿ ಕೇಬಲ್, ಕೊಳವೆಗಳಿಗೆ ಪಾದಚಾರಿ ಮಾರ್ಗದಡಿ ಪ್ರತ್ಯೇಕ ಜಾಗ ಕೊಟ್ಟದ್ದೂ ಒಳ್ಳೆಯ ಹೆಜ್ಜೆ. ಕುರುಬರಹಳ್ಳಿಯಂಥ ಹಳೆಯ ಊರುಗಳ ಕಿರಿದಾದ ಗಲ್ಲಿಗಳಲ್ಲಿ ಅಷ್ಟು ಜಾಗವೆಲ್ಲಿದೆ? ಅಲ್ಲಿ ಕಡಿಮೆ ಖರ್ಚಿನ ದಾರಿ ಒಂದೇ: ಗುಂಡಿ ಮುಚ್ಚುವ ಮುನ್ನ ಒಳಗೆ ಕಂಡದ್ದನ್ನೆಲ್ಲ ಅಳೆದು ಬರೆದಿಡುವುದು. ನೀರಗಂಟಿಯ ನೆನಪು ನಕ್ಷೆಗೆ ಇಳಿದರೆ, ಮುಂದೆ ಅಗೆಯುವವನ ಜೀವ ಉಳಿದೀತು.