ನೀರಗಂಟಿಯ ಕೈಗೆ ಕರೆಂಟ್ ಬಂದ ಕಥೆ

ಇವತ್ತಿನ ಸಂಚಿಕೆ ನಿಮ್ಮೂರಿನ ನಲ್ಲಿಗೆ ದಿನಾ ನೀರು ಬಿಡೋರ ಬಗ್ಗೆ. ಕಾಗದದಲ್ಲಿ ಅವರು ವಾಟರ್‌ಮನ್ ಅಥವಾ ಪಂಪ್ ಆಪರೇಟರ್. ಊರವರ ಬಾಯಲ್ಲಿ ಮಾತ್ರ ನೀರಗಂಟಿ.

ಇದು ಹಳೇ ಪದ. ಬಯಲುಸೀಮೆಯಲ್ಲಿ ಕೆರೆಯ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ನೀರು ಅಂತ ಹಂಚುತ್ತಿದ್ದವರು ನೀರಗಂಟಿಗಳು. ಮೂಡಿಗೆರೆ ತಾಲೂಕಿನ ದೇವರಮನೆಯಂಥ ಗುಡ್ಡದ ಸೀಮೆಯಲ್ಲಿ ಕಥೆ ಬೇರೆ. ಮೇಲಿನ ಅಬ್ಬಿಗೆ ಅಡಿಕೆ ದಂಬೆ ಜೋಡಿಸಿದರೆ ನೀರು ಅಂಗಳಕ್ಕೆ ಬರ್ತಿತ್ತು. ಇಳಿಜಾರೇ ಮೋಟಾರು.

ಕರೆಂಟ್ ನೀರಿನ ಹತ್ತಿರ ಬಂದಿದ್ದು ನಿಧಾನವಾಗಿ. 1894ರಲ್ಲಿ ಹೆಸರಘಟ್ಟದ ನೀರು ಬೆಂಗಳೂರಿಗೆ ಬಂದಾಗ ಅದನ್ನು ಎತ್ತಿದ್ದು ಉಗಿಯಂತ್ರ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಹಳ್ಳಿಗಳ ಕುಡಿಯೋ ನೀರಿನ ಚಿತ್ರ ಬದಲಾಗಿದ್ದು 1983ರ ನಂತರ. ಆಗ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಊರೂರಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡರು. ಆ ಕೈಪಂಪ್ ಒತ್ತಿದವರ ತೋಳು ನೋಯ್ತಿತ್ತು, ಅಷ್ಟೇ. ಆಮೇಲೆ ಸಬ್‌ಮರ್ಸಿಬಲ್ ಮೋಟಾರು, ಓವರ್‌ಹೆಡ್ ಟ್ಯಾಂಕ್ ಬಂತು. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾಗಿ ಮನೆಮನೆಗೂ ನಲ್ಲಿ ಅಂತಾಯ್ತು. ನೀರಗಂಟಿಯ ಹೆಸರು ಹಾಗೇ ಉಳೀತು, ಕೆಲಸ ಮಾತ್ರ ಅರ್ಧ ಎಲೆಕ್ಟ್ರಿಷಿಯನ್‌ದು.

ಅಪಾಯ ಎಷ್ಟು? ಲೆಕ್ಕ ಹಾಕೋಣ. ಒದ್ದೆ ಮೈಯ ಪ್ರತಿರೋಧ ಸುಮಾರು 1000 ಓಂ ಅಂದ್ಕೊಳ್ಳಿ. 230 ವೋಲ್ಟ್ ತಗುಲಿದ್ರೆ ಹರಿಯೋದು 230 ಮಿಲಿ ಆಂಪಿಯರ್. ಅಮೆರಿಕದ ಪ್ರೊಫೆಸರ್ ಚಾರ್ಲ್ಸ್ ಡಾಲ್ಜೀಲ್ ಪ್ರಯೋಗ ಮಾಡಿ ಕಂಡುಕೊಂಡಂತೆ, 10ರಿಂದ 16 ಮಿಲಿ ಆಂಪಿಯರ್ ಆಸುಪಾಸಿನಲ್ಲೇ ಹಿಡಿದ ಕೈ ಬಿಡಿಸಿಕೊಳ್ಳೋಕಾಗಲ್ಲ. 6 ಆಂಪಿಯರ್ ಫ್ಯೂಸ್ ಅಂದ್ರೆ 6000 ಮಿಲಿ ಆಂಪಿಯರ್. ಅಂದ್ರೆ ಫ್ಯೂಸ್ ಕಾಯೋದು ತಂತಿಯನ್ನ, ಮನುಷ್ಯನನ್ನಲ್ಲ. ಅದಕ್ಕೇ ಡಾಲ್ಜೀಲ್ 1961ರಲ್ಲಿ ಸೋರಿಕೆ ಹಿಡಿಯೋ ಸಾಧನ ರೂಪಿಸಿದರು. ಅದೇ ಜಾತಿಯ ಇಂದಿನ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿದ್ರೆ ಕ್ಷಣದಲ್ಲಿ ಕರೆಂಟ್ ಕಡಿಯುತ್ತೆ.

ಕಾನೂನು ಏನೂ ಹೇಳಿಲ್ಲ ಅಂತಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ, ಶಾಕ್ ಹೊಡೆದವರನ್ನು ಬದುಕಿಸೋ ಸೂಚನೆಯ ಫಲಕ ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತಿತ್ತು. ಎಲ್ಲಿ? ವಿದ್ಯುತ್ ಕೇಂದ್ರ, ಸಬ್‌ಸ್ಟೇಷನ್, ಕಾರ್ಖಾನೆಗಳಲ್ಲಿ. ಬೇರೆ ಕಡೆ, ಇನ್ಸ್‌ಪೆಕ್ಟರ್ ಹೇಳಿದರೆ ಮಾತ್ರ. ಕಾಫಿ ತೋಟದ ಅಂಚಿನ ಸಣ್ಣ ಪಂಪ್‌ಹೌಸ್ ಆ ಪಟ್ಟಿಯಲ್ಲಿ ತಾನಾಗಿ ಬರಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಗೋಡೆ, ನೆಲ, ಕೈ ಎಲ್ಲ ಒದ್ದೆ ಇರೋದು ಅಲ್ಲೇ.

ಹಾಗಾಗಿ ತರಬೇತಿಯಲ್ಲಿ ಮೊದಲು ಬರಬೇಕಾದ ಪಾಠ ಸ್ಟಾರ್ಟರ್‌ದು. ಕೆಂಪು ಬಟನ್ ಒತ್ತಿದ್ರೆ ಮೋಟಾರು ನಿಲ್ಲುತ್ತೆ, ಆದ್ರೆ ಸ್ಟಾರ್ಟರ್‌ಗೆ ಬರೋ ತಂತಿಯಲ್ಲಿ ಕರೆಂಟ್ ಹಾಗೇ ಇರುತ್ತೆ. ಆಟೋ ಸ್ಟಾರ್ಟರ್ ಇದ್ರೆ ಹೋದ ಕರೆಂಟ್ ಬಂದ ತಕ್ಷಣ ಮೋಟಾರು ತಾನೇ ಓಡುತ್ತೆ. ಮೊಬೈಲ್ ಸ್ಟಾರ್ಟರ್ ಇದ್ರಂತೂ ಎಲ್ಲೋ ಕೂತವರು ಒಂದು ಕಾಲ್ ಮಾಡಿ ಚಾಲೂ ಮಾಡಬಹುದು. ಆದ್ದರಿಂದ ರಿಪೇರಿಗೆ ಮುಂಚೆ ಮೇನ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ಜೇಬಿಗಿಟ್ಟು, ಟೆಸ್ಟರ್ ಹಿಡಿದು ನೋಡಬೇಕು. ಶಾಕ್ ಹೊಡೆದವರನ್ನ ಮುಟ್ಟೋ ಮೊದಲು ಕರೆಂಟ್ ತೆಗೆಯಿರಿ, 108ಕ್ಕೆ ಕರೆ ಮಾಡಿ.

ನಾಳೆ ನೀರು ಬರೋದು ತಡವಾದ್ರೆ ನೀರಗಂಟಿಗೆ ಫೋನ್ ಮಾಡಿ ಬೈಯೋ ಮುಂಚೆ ಒಂದು ನಿಮಿಷ ಯೋಚಿಸಿ. ಮುಂದಿನ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಪಂಪ್‌ಹೌಸಿಗೆ ಅರ್ಥಿಂಗ್ ಇದೆಯಾ, ಆರ್‌ಸಿಸಿಬಿ ಇದೆಯಾ, ಅಲ್ಲಿ ಕೆಲಸ ಮಾಡೋರಿಗೆ ತರಬೇತಿ ಆಗಿದೆಯಾ? ಮುಂದಿನ ಸಂಚಿಕೆಯಲ್ಲಿ ಸಿಗೋಣ.