ಮಡಕೆಯ ಓಡೂ ನಾಡಿನ ಚರಿತ್ರೆಯೂ



ಹಾಸನದ ಸೀಮೆಯ ಪ್ರಾಚೀನತೆಯೆಂದೊಡನೆ ನಮ್ಮ ಮನಸ್ಸು ಬೇಲೂರು ಹಳೇಬೀಡುಗಳ ಕಡೆಗೆ ಹರಿಯುವುದು ಸಹಜ. ಆದರೆ ಆ ದೇಗುಲಗಳನ್ನು ಕಟ್ಟಿದವರಿಗೂ ಅನ್ನ ಬೇಯಬೇಕಾಗಿದ್ದಿತಷ್ಟೆ! ಕಲ್ಲು ಉಳಿಯಿತು, ಮಡಕೆಯು ಒಡೆದು ತಿಪ್ಪೆಯನ್ನು ಸೇರಿತು. ಆ ಓಡುಗಳು ಕೂಡ ಚರಿತ್ರೆಯ ದಾಖಲೆಗಳೆಂಬುದನ್ನು ಈ ದಿನ ತಮ್ಮ ಮುಂದೆ ಅರಿಕೆ ಮಾಡುತ್ತೇನೆ.

ಅಶೋಕನ ಶಾಸನವಿರುವ ಬ್ರಹ್ಮಗಿರಿಯಲ್ಲಿ ಮೈಸೂರಿನ ಡಾ॥ ಎಂ. ಎಚ್. ಕೃಷ್ಣ ಅವರು ಮೊದಲು ನೆಲವನ್ನು ಅಗೆಯಿಸಿದರು. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರರು ಅಲ್ಲಿಯೇ ಪದರಪದರವಾಗಿ ಶೋಧಿಸಿದರು. ಅಡಿಯಲ್ಲಿ ಕಲ್ಲುಕೊಡಲಿಗಳೊಡನೆ ಕೈಯಿಂದಲೇ ತಟ್ಟಿದ ಒರಟು ಮಡಕೆ. ಅದರ ಮೇಲೆ ಬೃಹತ್ ಶಿಲಾಸಮಾಧಿಗಳ ಜನರ ಕಪ್ಪು-ಕೆಂಪು ಪಾತ್ರೆ. ಅದರ ಮೇಲೆ ಸಾತವಾಹನರ ಕಾಲದ ನುಣುಪಾದ ತಟ್ಟೆ. ೧೯೪೫ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಪಾತ್ರೆಗಳ ಜೊತೆಗೆ ಅಂತಹುದೇ ತಟ್ಟೆಗಳು ದೊರೆತಿದ್ದುದರಿಂದ ಬ್ರಹ್ಮಗಿರಿಯ ಪದರಗಳಿಗೆ ಕಾಲವನ್ನು ಗೊತ್ತುಪಡಿಸುವುದು ಸಾಧ್ಯವಾಯಿತು. ಮುಂದಿನ ಸಂಶೋಧನೆಗಳು ಆ ಕಾಲವನ್ನು ಇನ್ನೂ ಹಿಂದಕ್ಕೆ ಒಯ್ದಿವೆ. ಮೊದಲು ದಾರಿ ತೋರಿದುದು ಮಾತ್ರ ಓಡೇ.

ಆ ಕಪ್ಪು-ಕೆಂಪು ಪಾತ್ರೆಯಲ್ಲಿ ಕುಂಬಾರನ ಜಾಣ್ಮೆಯೂ ಅಡಗಿದೆ. ಬೋರಲಿಟ್ಟು ಸುಟ್ಟಾಗ ಗಾಳಿಯಾಡದ ಒಳಮೈಯೂ ಬಾಯಿಯೂ ಕಪ್ಪಾದುವು; ಗಾಳಿ ತಗುಲಿದ ಹೊರಮೈ ಕೆಂಪಾಯಿತೆಂದು ವಿದ್ವಾಂಸರು ವಿವರಿಸುತ್ತಾರೆ.

ಪಟ್ಟಣಿಗರು ಹಳೆಯ ಉಪ್ಪಿನಕಾಯಿಯ ಭರಣಿಗಳನ್ನು ಅಕ್ಕರೆಯಿಂದ ಸಂಗ್ರಹಿಸುವುದುಂಟು. ಸುಮಾರು ೧೨೦೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಬೆಂದು ಕಲ್ಲಿನಂತಾದ ಭರಣಿಯಲ್ಲಿ ನೀರು ಇಂಗದು. ಊರ ಕುಂಬಾರನ ಆವಿಗೆಯ ಶಾಖವು ಅಷ್ಟಕ್ಕೆ ಏರದು. ಆದುದರಿಂದ ಅವನ ಗಡಿಗೆಯ ಮೈಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಅವುಗಳಿಂದ ಜಿನುಗಿದ ನೀರು ಆವಿಯಾಗಿ ಒಳಗಿನ ನೀರನ್ನು ತಂಪುಗೊಳಿಸುತ್ತದೆ. ಭರಣಿಗೆ ಕಪಾಟು ದೊರೆಯಿತು, ಗಡಿಗೆಗೆ ದೊರೆಯಲಿಲ್ಲ.

ಹೇಮಾವತಿ ಕಾವೇರಿಗಳ ನಡುವಣ ಅರಕಲಗೂಡಿನ ಸೀಮೆಯಲ್ಲಿ ಸಂಗ್ರಹಿಸಬೇಕಾದುದು ಪಾತ್ರೆಯೊಂದನ್ನೇ ಅಲ್ಲ. ಹರವಿ, ಬಾನಿ, ಕುಡಿಕೆ, ಮದುವೆಯ ಅರಿವೇಣಿ, ಇವುಗಳ ಹೆಸರು, ಬಳಕೆ, ಮಣ್ಣು ತಂದ ಕೆರೆ, ಆವಿಗೆಯನ್ನು ಒಟ್ಟಿದ ಕ್ರಮ, ಇಷ್ಟನ್ನೂ ಬರೆದಿಡಬೇಕು. ನೆಲದೊಳಗಿನ ಓಡನ್ನು ಕಂಡವರು ಅದನ್ನು ಕೀಳದೆ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಪದರದಿಂದ ಬೇರ್ಪಟ್ಟ ಓಡು ಅರ್ಧ ಮೂಕವಾದಂತೆ.

ಒಡೆದ ಮಡಕೆಯು ಎರಡು ಸಾವಿರ ವರ್ಷ ಮಣ್ಣಿನಲ್ಲಿ ಬಾಳಬಲ್ಲುದು. ತಿಗರಿಯನ್ನು ತಿರುಗಿಸುವ ಕೈಯ ಅರಿವಾದರೋ ಮಗನಿಗೆ ಕಲಿಸದೆ ಹೋದರೆ ಒಂದೇ ತಲೆಮಾರಿಗೆ ಮುಗಿಯುವುದು. ಅಗೆದು ತೆಗೆಯಲು ಅದಕ್ಕೆ ಓಡೂ ಇರುವುದಿಲ್ಲ.